ಎರಡು ರಹದಾರಿ, ಒಂದು ಮನೆ

ಕಳೆದ ವರ್ಷದ ಆಷಾಢದಲ್ಲಿ, ಬೆಳಗಾವಿಯ ಜಿಟಿಜಿಟಿ ಮಳೆ ಮೂರು ದಿನಗಳಿಂದ ಬಿಡದೆ ಹಿಡಿದುಕೊಂಡಿದ್ದ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಖಾನಾಪುರ ತಾಲೂಕಿನ ಲೋಂಡಾ ಕಡೆಯವನು. ಮನೆಮಾತು ಕೊಂಕಣಿ, ಓಣಿಯ ಮಾತು ಮರಾಠಿ, ಶಾಲೆಯ ಮಾತು ಕನ್ನಡ. ಬಿ.ಎ. ತರಗತಿಯಲ್ಲಿ ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳುವುದರಲ್ಲಿ ಕನ್ನಡ ಮನೆಮಾತಿನ ಹುಡುಗರನ್ನೂ ಅವನು ಹಿಂದೆ ಹಾಕುತ್ತಿದ್ದನು. ಆಮೇಲೆ ಕೆಲಸ ಹುಡುಕುತ್ತ ಗೋವೆಗೆ ಹೋದನೆಂದು ಕೇಳಿದ್ದೆನು.

ಚಹ ಕುಡಿದು ಮುಗಿಯುವವರೆಗೆ ಅವನು ಬಂದ ಕಾರಣವನ್ನು ಹೇಳಲಿಲ್ಲ. ಅನಂತರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಎರಡು ಪುಟ್ಟ ಪುಸ್ತಕಗಳನ್ನು ಮೇಜಿನ ಮೇಲೆ ಒಂದರ ಪಕ್ಕಕ್ಕೆ ಒಂದನ್ನು ಇಟ್ಟನು. ಒಂದರ ರಟ್ಟು ಕಡುನೀಲಿ. ಅದರ ಮೇಲೆ ನಮ್ಮ ನಾಲ್ಕು ಸಿಂಹಗಳ ಲಾಂಛನ. ಇನ್ನೊಂದರ ರಟ್ಟು ದಟ್ಟ ಕೆಂಪು. ಅದರ ಮೇಲೆ ಪೋರ್ತುಗಾಲದ ಲಾಂಛನ. ಎರಡನ್ನೂ ತೆರೆದು ನೋಡಿದೆನು. ಎರಡರಲ್ಲಿಯೂ ಅದೇ ಮುಖ, ಅದೇ ಜನ್ಮದಿನಾಂಕ.

“ಸರ್, ಮುಂದಿನ ತಿಂಗಳ ಐರ್ಲೆಂಡಿಗೆ ಹೋಗೂದೈತಿ. ಏರ್‌ಪೋರ್ಟಿನ್ಯಾಗ ಇವೆರಡರಾಗ ಯಾವುದು ತೋರಸ್ಲಿರಿ?” ಎಂದು ಕೇಳಿದನು.

ನಾನು ಕನ್ನಡ ಕಲಿಸುವವನು, ಕಾಯದೆ ಬಲ್ಲವನಲ್ಲ. ಹಾಗೆಂದೇ ಹೇಳಿದೆನು. “ಏಜಂಟನ್ನ ಕೇಳಿದೆನ್ರಿ. ಇಲ್ಲಿ ನೀಲಿ ತೋರಸು, ಅಲ್ಲಿ ಕೆಂಪ ತೋರಸು, ಯಾರಿಗೂ ಗೊತ್ತಾಗೂದಿಲ್ಲ ಅಂದ. ಗೊತ್ತಾಗೂದಿಲ್ಲ ಅಂದ ಕೂಡಲೆ ನನಗ ಹೆದರಿಕಿ ಬಂತ್ರಿ” ಎಂದನು. ಆ ಹೆದರಿಕೆಯೇ ಅವನನ್ನು ನನ್ನಲ್ಲಿಗೆ ಕರೆತಂದಿತ್ತು. ಇಂಗ್ಲಿಷಿನ ಕಾಯದೆಯನ್ನು ಕುಳಿತು ಓದಿ ಅರ್ಥ ಹೇಳುವವರೊಬ್ಬರು ಅವನಿಗೆ ಬೇಕಾಗಿದ್ದರು. ಅರ್ಥ ಹೇಳುವುದಂತೂ ನನ್ನ ಕಸುಬೇ ಸರಿ. ಹೀಗಾಗಿ ಒಂದು ವಾರ ಕಾವ್ಯವನ್ನು ಬದಿಗಿರಿಸಿ ಪೌರತ್ವದ ಕಾಯದೆಯನ್ನು ಓದಲು ಕುಳಿತೆನು.

ಪಾಸ್‌ಪೋರ್ಟಿಗೆ ನಮ್ಮಲ್ಲಿ ‘ರಹದಾರಿ’ ಎಂಬ ಹಳೆಯ ಮಾತೊಂದುಂಟು. ಗಡಿ ದಾಟುವವನನ್ನು ತಡೆಯದೆ ಬಿಡಬೇಕೆಂಬ ಅಪ್ಪಣೆಯ ಕಾಗದ ಅದು. ಮೊದಲನೆಯ ಮಹಾಯುದ್ಧದವರೆಗೆ ಯುರೋಪಿನ ಬಹುಭಾಗದಲ್ಲಿ ಇಂಥ ಕಾಗದವಿಲ್ಲದೆಯೇ ಜನ ಸಂಚರಿಸುತ್ತಿದ್ದರು. ಯುದ್ಧದ ಸಂಶಯ ಈ ಪುಸ್ತಕವನ್ನು ಎಲ್ಲರ ಜೇಬಿಗೂ ತಂದಿತು. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘದ ಸಮ್ಮೇಳನವೊಂದು ಸೇರಿ ಪಾಸ್‌ಪೋರ್ಟು ಹೇಗಿರಬೇಕೆಂಬುದಕ್ಕೆ ಒಂದು ಮಾದರಿಯನ್ನು ಹಾಕಿಕೊಟ್ಟಿತು. ಭಾರತಕ್ಕೆ ಒಳಬರುವವರ ಕೈಯಲ್ಲಿ ಪಾಸ್‌ಪೋರ್ಟು ಇರಲೇಬೇಕೆಂಬ ಕಾಯದೆ ಬಂದುದೂ ಅದೇ 1920ರಲ್ಲಿಯೇ. ನಮ್ಮ ದೇಶದವರು ಹೊರಗೆ ಹೋಗುವುದಾದರೋ ಬಹುಕಾಲ ಸರಕಾರದ ಇಚ್ಛೆಗೆ ಬಿಟ್ಟ ಮಾತಾಗಿತ್ತು. ವಿದೇಶಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗವೆಂದು ಸತವಂತ ಸಿಂಗ್ ಸಾಹ್ನಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೀರ್ಪಿತ್ತ ಮೇಲೆ, ಅದೇ ವರ್ಷ ಪಾಸ್‌ಪೋರ್ಟ್ ಕಾಯದೆ ರೂಪುಗೊಂಡಿತು.

ಎರಡು ರಹದಾರಿ ಹೊಂದಿರುವುದು ಜಗತ್ತಿನಲ್ಲಿ ಅಪರೂಪದ ಮಾತಲ್ಲ. ಇಂಗ್ಲೆಂಡು, ಅಮೆರಿಕ, ಪೋರ್ತುಗಾಲ ಮೊದಲಾದ ದೇಶಗಳು ತಮ್ಮ ಪ್ರಜೆ ಬೇರೊಂದು ದೇಶದ ಪ್ರಜೆಯೂ ಆಗಿರುವುದಕ್ಕೆ ಅಡ್ಡಿ ಮಾಡುವುದಿಲ್ಲ. ಅಂಥವರ ಪ್ರಯಾಣದ ಪದ್ಧತಿ ಸರಳವಾದುದು: ಯಾವ ದೇಶದ ಪ್ರಜೆಯೋ ಆ ದೇಶವನ್ನು ಹೊಗುವಾಗಲೂ ಬಿಡುವಾಗಲೂ ಆ ದೇಶದ ಪುಸ್ತಕವನ್ನೇ ತೋರಿಸಬೇಕು. ಅಮೆರಿಕವಂತೂ ತನ್ನ ಪ್ರಜೆಗಳು ತನ್ನ ಪಾಸ್‌ಪೋರ್ಟಿನ ಮೇಲೆಯೇ ಬಂದುಹೋಗಬೇಕೆಂದು ಕಾಯದೆಯನ್ನೇ ಮಾಡಿದೆ. ವಿಮಾನದ ಕಂಪನಿಯವರು ಕೇಳುವುದು ಇಳಿಯುವ ದೇಶದಲ್ಲಿ ನಿಮ್ಮನ್ನು ಒಳಗೆ ಬಿಡುವರೇ ಎಂಬ ಒಂದೇ ಪ್ರಶ್ನೆ. ಆದುದರಿಂದ ಅವರಿಗೆ ಆ ದೇಶದ ಪುಸ್ತಕವನ್ನು ತೋರಿಸುವುದು. ಇದರಲ್ಲಿ ಕಳ್ಳತನವೇನೂ ಇಲ್ಲ, ಎರಡೂ ದೇಶಗಳಿಗೆ ವಿಷಯ ಗೊತ್ತೇ ಇರುತ್ತದೆ. ಆದರೆ ಇದರಲ್ಲಿಯೂ ಒಂದು ತೊಡಕುಂಟು. 1930ರ ಹೇಗ್ ಒಪ್ಪಂದದಲ್ಲಿ ಹೇಳಿರುವಂತೆ, ಎರಡು ದೇಶಗಳ ಪ್ರಜೆಯಾದವನನ್ನು ಆ ಎರಡು ದೇಶಗಳೂ ತಮ್ಮವನೆಂದೇ ಎಣಿಸಬಹುದು. ಒಂದು ದೇಶದಲ್ಲಿ ಅವನಿಗೆ ಸಂಕಟ ಬಂದರೆ, ಅವನ ಇನ್ನೊಂದು ದೇಶ ಅಡ್ಡಬಂದು ರಕ್ಷಿಸುವಂತಿಲ್ಲ.

ನಮ್ಮ ದೇಶದ ನಿಲುವು ಬೇರೆ. ತಾನಾಗಿ ಪರದೇಶದ ಪೌರತ್ವವನ್ನು ಪಡೆದವನು ಭಾರತದ ಪ್ರಜೆಯಲ್ಲ ಎಂದು ಸಂವಿಧಾನದ 9ನೆಯ ಅನುಚ್ಛೇದ ಹೇಳುತ್ತದೆ. 1955ರ ಪೌರತ್ವ ಕಾಯದೆಯ 9ನೆಯ ಕಲಮು ಅದನ್ನೇ ಮುಂದುವರಿಸುತ್ತದೆ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಪೌರತ್ವ ಹೋಗಲು ಯಾರೂ ಆಜ್ಞೆ ಹೊರಡಿಸಬೇಕಾಗಿಲ್ಲ, ನಾವು ಅರ್ಜಿ ಕೊಡಬೇಕಾಗಿಯೂ ಇಲ್ಲ. ಇನ್ನೊಂದನ್ನು ಪಡೆದ ಕ್ಷಣದಲ್ಲಿ ಇದು ತಾನಾಗಿ ಕಳಚಿಬೀಳುತ್ತದೆ. ಪರದೇಶದ ಪಾಸ್‌ಪೋರ್ಟು ಪಡೆದುದೇ ಅದಕ್ಕೆ ನಿರ್ಣಾಯಕ ಸಾಕ್ಷ್ಯವೆಂದು ನಿಯಮ ಹೇಳುತ್ತದೆ. ದೇಶ ಒಡೆದ ಕಾಲದಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಪಾಸ್‌ಪೋರ್ಟಿನ ಮೇಲೆ ತಿರುಗಿ ಬಂದ ಜನರಿದ್ದರು. ಆ ಪಾಸ್‌ಪೋರ್ಟು ನಮ್ಮ ಅನಿವಾರ್ಯತೆಯಾಗಿತ್ತೇ ಹೊರತು ಇಚ್ಛೆಯಾಗಿರಲಿಲ್ಲವೆಂದು ಅವರು ವಾದಿಸಿದರು. ಇಜಹಾರ್ ಅಹಮದ್ ಖಾನ್ ಮೊಕದ್ದಮೆಯಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು. ಒಡೆದ ಮನೆಯ ನೋವಿನಲ್ಲಿ ಹುಟ್ಟಿದ ನಿಯಮವಿದು. ಹಾಗಾಗಿಯೇ ಇಷ್ಟು ಬಿಗಿಯಾಗಿದೆಯೆಂದು ನನಗೆ ತೋರುತ್ತದೆ.

ಇದನ್ನೆಲ್ಲ ಓದಿದ ಮೇಲೆ ಹುಡುಗನ ಪ್ರಶ್ನೆಯೇ ತಪ್ಪೆಂದು ನನಗೆ ಹೊಳೆಯಿತು. ಯಾವುದನ್ನು ತೋರಿಸಬೇಕೆಂದು ಅವನು ಕೇಳಿದ್ದನು. ಆದರೆ ಅವನಲ್ಲಿದ್ದ ರಹದಾರಿ ಒಂದೇ. ಕೆಂಪು ಪುಸ್ತಕ ಕೈಗೆ ಬಂದ ದಿನವೇ ನೀಲಿ ಪುಸ್ತಕ ಬರಿಯ ಕಾಗದವಾಗಿತ್ತು. ಏಜಂಟನ ಉಪಾಯವೂ ನಡೆಯುವಂಥದಲ್ಲ. ನೀಲಿಯನ್ನು ತೋರಿಸಿದರೆ ಹೋಗುವ ದೇಶದ ವೀಸಾ ಎಲ್ಲಿದೆಯೆಂದು ಕೇಳುತ್ತಾರೆ. ಕೆಂಪನ್ನು ತೋರಿಸಿದರೆ ಯಾವ ವೀಸಾದ ಮೇಲೆ ಭಾರತಕ್ಕೆ ಬಂದಿರೆಂದು ಕೇಳುತ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಸ್ಥಿತಿ ಎಂಬ ಮಾತಿನ ಅರ್ಥ ನನಗೆ ಅಂದು ಸರಿಯಾಗಿ ತಿಳಿಯಿತು. ಆಗಿರುವುದನ್ನು ಮುಚ್ಚಿಟ್ಟು ನೀಲಿ ಪುಸ್ತಕದ ಮೇಲೆ ಪ್ರಯಾಣ ಮಾಡಿದರೆ ದಂಡ, ಮೊಕದ್ದಮೆ ಎರಡಕ್ಕೂ ದಾರಿಯಾಗುತ್ತದೆ. ಸರಿಯಾದ ದಾರಿ ಒಂದೇ: ನೀಲಿಯನ್ನು ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆದು, ವಿದೇಶೀಯರ ನೋಂದಣಿ ಕಚೇರಿಯಿಂದ ದೇಶ ಬಿಡುವ ಅನುಮತಿ ತೆಗೆದುಕೊಳ್ಳುವುದು.

“ವಿದೇಶೀಯರ ಕಚೇರಿಗೆ ನಾನು ಹೋಗಬೇಕೇನ್ರಿ?” ಎಂದನು. ಆ ಮಾತಿಗೆ ನಾನು ಉತ್ತರ ಕೊಡಲಿಲ್ಲ.

ಲೋಂಡಾದ ಹುಡುಗನಿಗೆ ಲಿಸ್ಬನ್ನಿನ ಪಾಸ್‌ಪೋರ್ಟು ಹೇಗೆ ಬಂದಿತೆಂದು ಓದುಗರು ಕೇಳುವುದು ಸಹಜ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 1961ರ ಡಿಸೆಂಬರ್ 19ರಂದು ಗೋವೆ ಭಾರತದ್ದಾಯಿತು. 1962ರ ಮಾರ್ಚಿನಲ್ಲಿ ಹೊರಟ ಆಜ್ಞೆಯೊಂದರ ಪ್ರಕಾರ ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಭಾರತದ ಪ್ರಜೆಗಳಾದರು. ಬೇಡವೆನ್ನುವವರಿಗೆ ಒಂದು ತಿಂಗಳ ಅವಕಾಶವಿತ್ತು. ಪೋರ್ತುಗಾಲವಾದರೋ ಗೋವೆ ತನ್ನ ಕೈಬಿಟ್ಟುದನ್ನು ಬಹಳ ಕಾಲ ಒಪ್ಪಲಿಲ್ಲ. ಅಲ್ಲಿ 1974ರ ಕ್ರಾಂತಿಯಾದ ಮೇಲೆ, ಅದೇ ವರ್ಷದ ಕೊನೆಯ ದಿನ ಸಹಿಯಾದ ಒಪ್ಪಂದದಲ್ಲಿ ಗೋವೆ ಭಾರತದ್ದೆಂದು ಒಪ್ಪಿಕೊಂಡಿತು. ನೆಲವನ್ನು ಬಿಟ್ಟರೂ ನೆಲದ ಜನರನ್ನು ಪೂರ್ತಿ ಬಿಡಲಿಲ್ಲ. 1961ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ತನ್ನ ಪ್ರಜೆಗಳೆಂಬುದು ಲಿಸ್ಬನ್ನಿನ ಎಣಿಕೆ. ಅವರ ಜನನವನ್ನು ಲಿಸ್ಬನ್ನಿನ ಕೇಂದ್ರ ದಾಖಲೆಯಲ್ಲಿ ನಮೂದಿಸಿದರೆ ಮಕ್ಕಳಿಗೂ ಮೊಮ್ಮಕ್ಕಳಿಗೂ ದಾರಿ ತೆರೆಯುತ್ತದೆ. ಆದುದರಿಂದ ಪೋರ್ತುಗಾಲದ ದೃಷ್ಟಿಯಲ್ಲಿ ಇದು ಇದ್ದ ಹಕ್ಕನ್ನು ಬರೆದಿಡುವ ಕ್ರಿಯೆ. ಭಾರತದ ದೃಷ್ಟಿಯಲ್ಲಿ ಇಲ್ಲದುದನ್ನು ಗಳಿಸುವ ಕ್ರಿಯೆ. ಒಂದೇ ಕಾಗದವನ್ನು ಎರಡು ಸರಕಾರಗಳು ಎರಡು ರೀತಿಯಾಗಿ ಓದುತ್ತವೆ, ಓದಿನ ಭೇದದ ಫಲವನ್ನು ಹುಡುಗ ಉಣ್ಣುತ್ತಾನೆ.

ಯುರೋಪಿನ ಒಕ್ಕೂಟದ ಒಂದು ದೇಶದ ಪ್ರಜೆಗೆ ಉಳಿದ ದೇಶಗಳಲ್ಲಿಯೂ ನೆಲಸಿ ದುಡಿಯುವ ಹಕ್ಕುಂಟು. ಅದರ ಬಲದಿಂದಲೇ ಗೋವೆಯವರು ಸಾವಿರಾರು ಜನ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ, ಲಂಡನ್ನಿನ ಸೌತಾಲಿನಲ್ಲಿ ನೆಲೆಯೂರಿದರು. ಇಂಗ್ಲೆಂಡು 2020ರಲ್ಲಿ ಒಕ್ಕೂಟವನ್ನು ಬಿಟ್ಟ ಮೇಲೆ ಹೊಸಬರಿಗೆ ಆ ದಾರಿ ಮುಚ್ಚಿತು. ಈಗ ಅವರು ಐರ್ಲೆಂಡಿನ ಕಡೆಗೂ ಯುರೋಪಿನ ನಡುನಾಡಿನ ಕಡೆಗೂ ಮುಖ ಮಾಡಿದ್ದಾರೆ. ಹೀಗೆ ಹೋಗುವವರು ಗೋವೆಯವರಷ್ಟೇ ಅಲ್ಲ. ಬೇರೆ ಬೇರೆ ದೇಶಗಳಿಗೆ ಹೋಗಿ 2022ನೆಯ ಒಂದೇ ವರ್ಷದಲ್ಲಿ ಭಾರತದ ಪೌರತ್ವವನ್ನು ಬಿಟ್ಟವರ ಸಂಖ್ಯೆ 2,25,620 ಎಂದು ಸರಕಾರ ಸಂಸತ್ತಿಗೆ ತಿಳಿಸಿದೆ.

ಅವನ ತಾಯಿಗೆ ವಿಷಯವನ್ನು ತಿಳಿಸಿ ಹೇಳಲು ನಾನೂ ಬರಬೇಕೆಂದು ಹುಡುಗ ಹಟಮಾಡಿದನು. ರವಿವಾರ ಬೆಳಿಗ್ಗೆ ರೈಲಿನಲ್ಲಿ ಹೊರಟೆವು. ದೇಸೂರು ದಾಟುತ್ತಲೂ ಬಯಲು ಹಿಂದುಳಿಯುತ್ತದೆ, ಖಾನಾಪುರದಲ್ಲಿ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು, ಗುಂಜಿಯಿಂದಾಚೆಗೆ ಕಾಡು ಕಿಟಕಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಈ ಖಾನಾಪುರ ತಾಲೂಕು ವಿಚಿತ್ರವಾದುದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಲಿಗೆ ಇಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಕಡಲನ್ನು ಸೇರುತ್ತಾಳೆ. ಇಲ್ಲಿನ ಹಲಸಿಗೆಯನ್ನು ಗೋವೆಯ ಕದಂಬರು ತಮ್ಮ ಎರಡನೆಯ ರಾಜಧಾನಿಯಾಗಿ ಮಾಡಿಕೊಂಡಿದ್ದರು. ಹನ್ನೆರಡನೆಯ ಶತಮಾನದಲ್ಲಿ ಆ ಅರಸರು ಕಡಲ ತಡಿಯ ಗೋಪಕಪಟ್ಟಣವನ್ನೂ ಘಟ್ಟದ ಮೇಲಿನ ಈ ನಾಡನ್ನೂ ಒಂದಾಗಿ ಆಳಿದರು. ತಮ್ಮ ಶಾಸನಗಳನ್ನು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಬರೆಯಿಸಿದರು. ಗಡಿ ಬಂದುದು ಆಮೇಲೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುರಗಾವಿಯ ಬಂದರಿನಿಂದ ಘಟ್ಟ ಹತ್ತಿದ ರೈಲು ಲೋಂಡಾವನ್ನು ಕೂಡುನಿಲ್ದಾಣವನ್ನಾಗಿ ಮಾಡಿತು. ರೈಲಿನ ಕೆಲಸಕ್ಕೆಂದು ಗೋವೆಯ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದು ನಿಂತವು. ಬ್ರಿಟಿಷ್ ಹಿಂದುಸ್ಥಾನದ ಕೊನೆಯ ನಿಲ್ದಾಣ ಕ್ಯಾಸಲ್ ರಾಕ್, ಪೋರ್ತುಗೀಜರ ಮೊದಲನೆಯ ನಿಲ್ದಾಣ ಕುಳೆಂ. ನಡುವೆ ದೂಧಸಾಗರದ ಜಲಪಾತ. ಗೋವೆಯ ವಿಮೋಚನೆಯ ಹೋರಾಟಕ್ಕೂ ಈ ದಾರಿಯೇ ಆಸರೆಯಾಯಿತು. 1946ರಲ್ಲಿ ಗೋವೆಯ ರಾಷ್ಟ್ರೀಯ ಕಾಂಗ್ರೆಸ್ಸು ರೂಪುಗೊಂಡುದು ಇದೇ ಲೋಂಡಾದಲ್ಲಿ. 1955ರಲ್ಲಿ ಆರಂಭವಾದ ಗೋವೆಯ ಗುಪ್ತ ಆಕಾಶವಾಣಿಯನ್ನು ಲಿಬಿಯಾ ಲೋಬೋ ಹಾಗೂ ವಾಮನ ಸರದೇಸಾಯಿ ನಡೆಸಿದರು. ಮೊದಲು ಅಂಬೋಲಿಯ ಕಾಡಿನಿಂದ ಹೊರಟ ಆ ಧ್ವನಿ ಅನಂತರ ಕ್ಯಾಸಲ್ ರಾಕಿನಿಂದ 1961ರವರೆಗೆ ಕೇಳಿಬಂದಿತು.

ಹುಡುಗನ ಅಜ್ಜನು ಗೋವೆಯಲ್ಲಿ ಹುಟ್ಟಿ, ರೈಲಿನ ಕೆಲಸಕ್ಕೆ ಲೋಂಡಾಕ್ಕೆ ಬಂದವನು. ಅವನ ಜನನದ ದಾಖಲೆಯೇ ಈ ಕೆಂಪು ಪುಸ್ತಕದ ಬೇರು. ಆ ಅಜ್ಜನು ಗೋವೆಯಲ್ಲಿದ್ದ ತನ್ನ ತಾಯಿಯನ್ನು ಕಾಣಲು ಪರವಾನಗಿಯ ಚೀಟಿ ಹಿಡಿದು ಗಡಿಯ ಕಟ್ಟೆಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತಿತ್ತೆಂದೂ, 1955ರ ಸತ್ಯಾಗ್ರಹದ ಮೇಲೆ ಗುಂಡು ಹಾರಿ ಗಡಿ ಬಿಗಿಯಾದ ಮೇಲೆ ಕೆಲವು ವರ್ಷ ಅದೂ ನಿಂತುಹೋಯಿತೆಂದೂ ಹುಡುಗನ ತಾಯಿ ಹೇಳಿದಳು. ಮಾವನ ಬಾಯಿಂದ ಅವಳು ಕೇಳಿದ ಕತೆ ಅದು. ಅವಳಾಡುವುದು ಕೊಂಕಣಿ. ಅರ್ಧ ನನಗೆ ತಿಳಿಯುತ್ತಿತ್ತು, ಉಳಿದರ್ಧವನ್ನು ಮಗ ಕನ್ನಡಿಸುತ್ತಿದ್ದನು.

ಮನೆಯ ಹಿಂದೆ ಒಂದು ಎಕರೆಗಿಂತ ತುಸು ಹೆಚ್ಚು ಗದ್ದೆ. ನಾಟಿ ಮುಗಿದಿತ್ತು. ನಾನು ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳಿದೆನು. ನೀಲಿ ಪುಸ್ತಕವನ್ನು ಒಪ್ಪಿಸಿದ ಮೇಲೆ ಭಾರತದ ‘ಸಾಗರೋತ್ತರ ನಾಗರಿಕ’ ಎಂಬ ಕಾರ್ಡಿಗೆ ಅರ್ಜಿ ಹಾಕಬಹುದು. 2005ರಿಂದ ಈ ವ್ಯವಸ್ಥೆಯಿದೆ. 1947ರ ಆಗಸ್ಟ್ 15ರ ಅನಂತರ ಭಾರತವನ್ನು ಸೇರಿದ ಪ್ರದೇಶದವರೂ ಇದಕ್ಕೆ ಅರ್ಹರು. ಅದಿದ್ದರೆ ಬದುಕಿರುವವರೆಗೂ ವೀಸಾ ಕೇಳದೆ ಬಂದುಹೋಗಬಹುದು. ಆದರೆ ಹೆಸರಿನಲ್ಲಿ ‘ನಾಗರಿಕ’ ಎಂದಿದ್ದರೂ ಅದು ನಾಗರಿಕತ್ವವಲ್ಲ. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರಕಾರದ ನೌಕರಿ ಸಾಮಾನ್ಯವಾಗಿ ಸಿಗುವುದಿಲ್ಲ, ಬೇಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ.

ತಾಯಿ ಕೇಳಿದ ಪ್ರಶ್ನೆ ಒಂದೇ: “ಹಾಗಾದರೆ ಈ ಗದ್ದೆ?”

ಪಿತ್ರಾರ್ಜಿತವಾಗಿ ಬಂದ ಭೂಮಿಯನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಒಂದು ಗುಂಟೆಯನ್ನೂ ಸೇರಿಸುವಂತಿಲ್ಲವೆಂದು ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೇರಿಸಲು ಯಾರಲ್ಲಿ ದುಡ್ಡಿದೆ? ಇದ್ದದ್ದು ಉಳಿದರೆ ಸಾಕು” ಎಂದಳು. ಆಮೇಲೆ ಮಗನ ಕಡೆಗೆ ತಿರುಗಿ, ಸುಳ್ಳು ಹೇಳಿ ಗಡಿ ದಾಟಬೇಡ, ನಿನ್ನ ಅಜ್ಜ ಸಾಲಿನಲ್ಲಿ ನಿಂತಿದ್ದಾನೆಯೇ ಹೊರತು ಕಳ್ಳದಾರಿ ಹಿಡಿದವನಲ್ಲ ಎಂದು ಹೇಳಿದಳು. ನನ್ನ ಒಂದು ವಾರದ ಓದಿಗಿಂತ ಆ ಮಾತು ಹುಡುಗನಿಗೆ ಹೆಚ್ಚು ನಾಟಿತು.

ಹೋಗಬೇಡವೆಂದು ನಾನೇಕೆ ಹೇಳಲಿಲ್ಲವೆಂದು ಕೆಲವು ಮಿತ್ರರು ಕೇಳಿದ್ದಾರೆ. ಹೇಳುವ ಅಧಿಕಾರ ನನಗೆಲ್ಲಿಯದು? ಕನ್ನಡದಲ್ಲಿ ಒಳ್ಳೆಯ ದರ್ಜೆ ಪಡೆದ ಅವನಿಗೆ ಐದು ವರ್ಷ ಈ ಊರಿನಲ್ಲಿ ಒಂದು ಕಾಯಂ ನೌಕರಿ ಸಿಗಲಿಲ್ಲ. ಅವನು ನಾಡನ್ನು ಬಿಟ್ಟನೆನ್ನುವ ಮೊದಲು ಈ ಮಾತನ್ನೂ ನೆನೆಯಬೇಕು. ಆದರೆ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿರಬೇಕೆಂದು ವಾದಿಸುವವರ ಜೊತೆಗೂ ನಾನು ಸಂಪೂರ್ಣವಾಗಿ ಸೇರಲಾರೆ. ಮತವೆಂಬುದು ಇಲ್ಲಿನ ಮಳೆ, ಬೆಳೆ, ಕಂದಾಯಗಳ ಸುಖದುಃಖವನ್ನು ಇಲ್ಲಿಯೇ ಇದ್ದು ಅನುಭವಿಸುವವನ ಕೈಯಲ್ಲಿರಬೇಕೆಂಬ ವಾದದಲ್ಲಿಯೂ ತಿರುಳುಂಟು. ನನಗೆ ಕಷ್ಟವಾದುದು ಕಾಯದೆಯಲ್ಲ. ಕಾಯದೆಯನ್ನು ಸರಿಯಾಗಿ ತಿಳಿಸದೆ, ಹುಡುಗರಿಂದ ದುಡ್ಡು ಕಿತ್ತು, ‘ಎರಡೂ ಇಟ್ಟುಕೋ’ ಎನ್ನುವವರ ವ್ಯಾಪಾರ. ಕೆಂಪು ಪುಸ್ತಕವನ್ನು ಪಡೆಯುವ ಮೊದಲು ಒಬ್ಬನಾದರೂ ಅವನಿಗೆ ‘ಇದನ್ನು ಪಡೆದರೆ ಅದು ಹೋಗುತ್ತದೆ’ ಎಂದು ಬಾಯಿಬಿಟ್ಟು ಹೇಳಿದ್ದರೆ, ಅವನು ಇದನ್ನೇ ಆರಿಸುತ್ತಿದ್ದನೋ ಏನೋ. ಆದರೆ ಆರಿಸಿದವನು ತಾನೆಂಬ ಅರಿವಾದರೂ ಅವನಿಗಿರುತ್ತಿತ್ತು.

ಟಿಕೇಟನ್ನು ಅವನು ಮುಂದೂಡಿದನು. ಕಚೇರಿಗಳ ಅಲೆದಾಟದಲ್ಲಿ ಎರಡು ತಿಂಗಳು ಕಳೆದುವು. ಗಣೇಶ ಚೌತಿಯ ಹೊತ್ತಿಗೆ ಮತ್ತೊಮ್ಮೆ ಮನೆಗೆ ಬಂದನು. ಈ ಸಲ ಕೇಳಿದುದು ಚಿಕ್ಕ ಸಹಾಯ. ಮತದಾರರ ಯಾದಿಯಿಂದ ತನ್ನ ಹೆಸರನ್ನು ತೆಗೆಯಬೇಕೆಂದು ತಹಶೀಲ್ದಾರರಿಗೆ ನಮೂನೆಯ ಜೊತೆಗೆ ಕನ್ನಡದಲ್ಲಿ ಒಂದು ಅರ್ಜಿ ಕೊಡಬೇಕಾಗಿತ್ತು. “ನೀವೇ ಹೇಳ್ರಿ ಸರ್, ನಾ ಬರೀತೀನಿ” ಎಂದನು. ಅರ್ಜಿ ಬರೆಯುವ ಕ್ರಮವನ್ನು ತರಗತಿಯಲ್ಲಿ ಅವನಿಗೆ ಕಲಿಸಿದವನು ನಾನೇ: ಇಂದ, ಇವರಿಗೆ, ವಿಷಯ, ಮಾನ್ಯರೆ. ಅಷ್ಟನ್ನು ನಾನು ಹೇಳಿದೆನು. ಮುಂದಿನ ಸಾಲುಗಳನ್ನು ಅವನೇ ಬರೆದನು, ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದು ಬರೆದು, ಸಹಿ ಹಾಕುವ ಮೊದಲು ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕುಳಿತನು.

ಅವನೀಗ ಐರ್ಲೆಂಡಿನಲ್ಲಿದ್ದಾನೆ. ಒಪ್ಪಿಸಿದ ನೀಲಿ ಪುಸ್ತಕವನ್ನು ರದ್ದಾಯಿತೆಂಬ ಮುದ್ರೆಯೊತ್ತಿ, ಮೂಲೆ ಕತ್ತರಿಸಿ ಹಿಂದಿರುಗಿಸಿದ್ದರು. ಕಳೆದ ತಿಂಗಳು ಲೋಂಡಾಕ್ಕೆ ಹೋಗಿದ್ದಾಗ ಅವನ ತಾಯಿ ಅದನ್ನು ತಗಡಿನ ಪೆಟ್ಟಿಗೆಯಿಂದ ತೆಗೆದು ನನಗೆ ತೋರಿಸಿದಳು. ಗದ್ದೆಯ ಉತಾರ, ಮಾವನ ರೈಲಿನ ಪಾಸು ಇವುಗಳ ನಡುವೆ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ಇದು ಇನ್ನು ಯಾವ ಕೆಲಸಕ್ಕೂ ಬಾರದೆಂದು ಮಗ ಹೇಳಿ ಹೋಗಿದ್ದನಂತೆ. ಅವಳು ನನ್ನನ್ನು ಕೇಳಿದಳು: “ನಿಜವೇನ್ರಿ, ಮಾಸ್ತರರೇ?” ನಿಜವೆಂದೆನು. ಅವಳು ತಲೆಯಾಡಿಸಿ ಅದನ್ನು ಮತ್ತೆ ಸುತ್ತಿ, ಉತಾರದ ಕೆಳಗೆ ಇರಿಸಿ ಪೆಟ್ಟಿಗೆಗೆ ಬೀಗ ಹಾಕಿದಳು.